ಮೊದಲ ಕೂಗಿಗೇ ಓ

ಮೃಗಾಲಯಕ್ಕೆ ಹೋದವರೆಲ್ಲ ಪ್ರಾಣಿಗಳನ್ನು ನೋಡುತ್ತಾರೆ. ಹಂಸಾ ಪಂಜರಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು.

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದ ಮೇಲೆ ಹತ್ತಿದ ಗೀಳು ಅದು. ಭಾನುವಾರ ಬೆಳಗಾದರೆ ದಿಲ್ಲಿಯ ಲಕ್ಷ್ಮೀ ನಗರದಲ್ಲಿ ಆಟೊ ಹಿಡಿದು, ಘಾಜಿಯಾಬಾದಿನ ಕಡೆಯ ಸಣ್ಣ ಮೃಗಾಲಯಕ್ಕೆ ಹೊರಟುಬಿಡುವಳು. ಜೊತೆಗೆ ಚಂದ್ರಪ್ರಭಾ, ಅದೇ ಕಚೇರಿಯಲ್ಲಿ ಪಕ್ಕದ ಮೇಜಿನಲ್ಲಿದ್ದ ಗೆಳತಿ. ಇಡೀ ದಿಲ್ಲಿಯಲ್ಲಿ ಅವಳನ್ನು ‘ಪ್ರಭೀ’ ಎನ್ನುತ್ತಿದ್ದವಳು ಹಂಸಾ ಒಬ್ಬಳೇ.

ಹುಲಿ, ಆನೆ ಹಂಸಾಗೆ ಬೇಡ. ಕೋತಿ, ವಾನರಗಳ ಮನೆಗಳನ್ನಷ್ಟೇ ನೋಡುವಳು. ಅದೂ ಬಾಡಿಗೆಗೆ ಮನೆ ಹುಡುಕಿ ಬಂದವಳ ಹಾಗೆ. ಬಿಸಿಲು ಎಲ್ಲಿಗೆ ಬರುತ್ತದೆ, ನೆಲ ಸಿಮೆಂಟೋ ಮಣ್ಣೋ, ಜಗಳವಾದರೆ ಇನ್ನೊಂದು ಮೂಲೆಗೆ ಹೋಗಲು ದಾರಿಯಿದೆಯೋ.

“ಈ ಲಂಗೂರ್‌ಗಳಿಗೆ ಹತ್ತೋಕೆ ಕಬ್ಬಿಣ ಇದೆ, ಒರಗೋಕೆ ಕೊಂಬೆ ಇಲ್ಲ. ಮನೆಯಲ್ಲ ಇದು, ಪೀಜಿ ರೂಮು” ಎಂದು ಮುಂದೆ ನಡೆಯುವಳು. ಕೆಂಪು ಕೋತಿಗಳ ಪಂಜರದ ಮೇಲೆ ಊರಿನ ಬಿಡಾಡಿ ಕೋತಿಗಳು ಕೂತು ಒಳಗಿನ ತಮ್ಮವರನ್ನು ಇಣುಕುತ್ತಿದ್ದವು. “ನೋಡು ಪ್ರಭೀ, ಟಿಕೆಟ್ ಇಲ್ಲದೆ ಬಂದವರು!”

ಕೊನೆಗೆ ಬೆನ್ನು ಹಾಕಿ ಕೂರುವಳು, ಒಳಗಿನ ಪ್ರಾಣಿಗೆ ಕಾಣುವುದು ತನಗೂ ಕಾಣಲೆಂದು. ಕಾಣುತ್ತಿದ್ದುದು ಎತ್ತಿ ಹಿಡಿದ ಮೊಬೈಲುಗಳು, ಬಾಯಿ ತೆರೆದ ಮುಖಗಳು. ಆಮೇಲೆ ಅವಳದು ಒಂದೇ ಪ್ರಶ್ನೆ: “ಕಾಣದೆ ಇರೋಕೆ ಜಾಗ ಇದೆಯಾ?”

ಆ ಪ್ರಶ್ನೆ ಹುಟ್ಟಿದ್ದು ಎಲ್ಲಿ ಎಂದು ಚಂದ್ರಪ್ರಭಾಗೆ ಗೊತ್ತಿತ್ತು. ಕಚೇರಿಯಲ್ಲಿ ಹಂಸಾಳ ಮೇಜು ಸಾಹೇಬರ ಗಾಜಿನ ಕೋಣೆಗೆ ನೇರ ಎದುರು. ಮನೆಗೆ ಬಂದರೆ, ಮದುವೆಯಾಗದ ಹೆಂಗಸು ಯಾರನ್ನು ಕರೆತರುತ್ತಾಳೋ ಎಂದು ಬಾಗಿಲ ಸಂದಿಯಲ್ಲಿ ಮನೆಯೊಡತಿಯ ಒಂದು ಕಣ್ಣು. ಕಿಟಕಿಯಾಚೆ ಕೋಚಿಂಗ್ ಸೆಂಟರಿನ ಸಾಲು ಕಿಟಕಿಗಳು. ಹಂಸಾ ಪರದೆ ಎಳೆದುಕೊಂಡೇ ಬದುಕಿದ್ದಳು.

ಅವಳು ಮೆಚ್ಚಿದ ಮನೆ ಒಂದೇ, ಹೂಲಾಕ್‌ನದು. ಅಸ್ಸಾಮಿನ ಕಾಡಿನ, ಬಾಲವಿಲ್ಲದ ಕಪ್ಪು ವಾನರ ಅದು. ಪಂಜರದೊಳಗೇ ಬೆಳೆದಿದ್ದ ದಟ್ಟ ಅತ್ತಿಮರದ ನೆರಳಲ್ಲಿ ಅದು ಕೂತರೆ ಮೈ ಕಾಣುತ್ತಿರಲಿಲ್ಲ. ಎರಡು ಬಿಳಿ ಹುಬ್ಬು ಮಾತ್ರ ಗಾಳಿಯಲ್ಲಿ ತೂಗಿದಂತೆ ಕಾಣುತ್ತಿದ್ದವು. ಹೆಣ್ಣು ಸತ್ತುಹೋಗಿತ್ತು. ಜೋಡಿಯಾಗಿ ಹಾಡುವ ಜೀವ. ತನ್ನ ಪಾಲು ಕೂಗಿ, ಹೆಣ್ಣಿನ ಪಾಲಿಗೆ ಜಾಗ ಬಿಟ್ಟು ಸುಮ್ಮನಾಗುತ್ತಿತ್ತು. ಆ ಜಾಗದಲ್ಲಿ ಒಂದು ದಿನ ಹಂಸಾ “ಓ” ಎಂದಳು, ಅಮ್ಮ ಕರೆದಾಗ ಹಿತ್ತಿಲಿನಿಂದ ಓಗೊಟ್ಟ ಹಾಗೆ. ಎಲೆ ಅಲುಗಿತು. ಅದು ಇಳಿದು ಬಂದು, ಜಾಲರಿಗೆ ತೀರ ಹತ್ತಿರದ ಬೆಂಚಿನ ಮೇಲೆ ಕೂತಿದ್ದ ಅವಳ ಬೆನ್ನ ಹಿಂದೆ ಕೂತಿತು.

ಚಂದ್ರಪ್ರಭಾಳ ತೋಳು ಜುಮ್ಮೆಂದಿತು. “ಮೊದಲ ಕೂಗಿಗೇ ಓ ಅಂತೀಯಲ್ಲೇ! ಮೂರು ಸಲ ಕರೆದ ಮೇಲೇ ಓಗೊಡಬೇಕು ಅಂತಿದ್ರು ನಮ್ಮಜ್ಜಿ. ಸತ್ತವರು ಕರೆಯೋದು ಒಂದೇ ಸಲ.”

“ಅದಕ್ಕೇ ಅಂದೆ. ಒಂದೇ ಸಲ ಕರೆಯೋರಿಗೆ ಇನ್ಯಾರು ಓ ಅಂತಾರೆ?”

ಈ ಚಳಿಗಾಲ ಅತ್ತಿಮರದ ಬುಡಕ್ಕೆ ಸುಣ್ಣದ ಗುರುತು ಬಿತ್ತು. ಪಂಜರ ಖಾಲಿಯಿದೆಯೆಂದು ಜನ ದೂರುತ್ತಾರೆ, ಮರ ತೆಗೆದು ಎದುರಿಗೆ ಗಾಜು ಹಾಕಿಸುತ್ತೇನೆ ಎಂದ, ಹೊಸ ಅಧಿಕಾರಿ ಮನೋಜ್. ಸಜ್ಜನನೇ. ನಿತ್ಯ ಬರುವವರು ಮುಂದಿನ ಭಾನುವಾರ ಅಭಿಪ್ರಾಯ ಹೇಳಲಿ ಎಂದೂ ಸೇರಿಸಿದ.

“ಮಾತು ನಾನಾಡ್ತೀನಿ. ನೀನು ಪಕ್ಕದಲ್ಲಿರು, ಸಾಕು” ಎಂದಿದ್ದಳು ಹಂಸಾ.

ಆ ಭಾನುವಾರಕ್ಕೆ ಅವಳಿರಲಿಲ್ಲ. ಮಲಗಿದ್ದಲ್ಲೇ ಹೃದಯ ನಿಂತಿತ್ತು, ಪರದೆ ಎಳೆದೇ ಇತ್ತು. ನಿಗಮಬೋಧ ಘಾಟಿನ ಸ್ಮಶಾನದಲ್ಲಿ ಎಲ್ಲ ಮುಗಿಸಿ ಬಂದ ಚಂದ್ರಪ್ರಭಾಗೆ ಅಳು ಬರಲಿಲ್ಲ, ಮರದ್ದೇ ಚಿಂತೆ. ಹಂಸಾ ಬಿಟ್ಟುಹೋದ ಕೆಲಸ ಅದೊಂದೇ.

ಭಾನುವಾರ ಮಂಜು ಕವಿದಿತ್ತು. ಚಂದ್ರಪ್ರಭಾ ಬೆಂಚಿನ ಮೇಲೆ ಪಂಜರದ ಕಡೆ ತಿರುಗಿ ಕೂತಳು. ಗೊತ್ತಿಲ್ಲದೆ ಪಕ್ಕದಲ್ಲಿ ಜಾಗ ಬಿಟ್ಟಿದ್ದಳು. ಬಂದಿದ್ದ ನಾಲ್ಕಾರು ಜನರಲ್ಲಿ ಒಬ್ಬರು ಗಾಜು ಇರಲಿ ಎಂದರು, ಇನ್ನೊಬ್ಬರು ಯಾವುದಾದರೂ ಸರಿ ಎಂದರು.

“ನೀವು ಹೇಳಿ ಮಾತಾಜಿ. ನಿಮ್ಮ ಜೊತೆಯವರು ಬರಲಿಲ್ವಾ?” ಮನೋಜ್ ಹಿಂದಿಯಲ್ಲಿ ಕೇಳಿದ.

ಅವಳು ಕಲಿತು ಬಂದಿದ್ದ ಹಿಂದಿ ಮಾತುಗಳೆಲ್ಲ ಎಲ್ಲಿಗೋ ಹೋದವು.

ಆಗ ಮರದೊಳಗಿಂದ ಕೂಗು ಬಂತು. ಏರಿತು, ಇಳಿಯಿತು, ನಿಂತಿತು. ಆಮೇಲಿನ ಮೌನ ಒಂದು ‘ಓ’ ಹಿಡಿಯುವಷ್ಟೇ ಇತ್ತು. ಚಂದ್ರಪ್ರಭಾ ತುಟಿ ಬಿಗಿದು ಎರಡನೆಯ ಕೂಗಿಗೆ ಕಾದಳು. ಬರಲಿಲ್ಲ. ಮೌನ ಬೆಳೆಯಿತು. ಮಂಜಿನಲ್ಲಿ ಬಿಳಿ ಹುಬ್ಬುಗಳೂ ಕಾಣದಾದವು.

“ನೋಡಿದ್ರಾ?” ಎಂದ ಮನೋಜ್. “ಇದೇ ದೂರು. ಚಲೋ, ಹಾಗಾದರೆ ಗಾಜೇ...”

ಒಂದೇ ಸಲ ಕರೆದಿತ್ತು. ಅಜ್ಜಿಯ ಮಾತು ಬೆನ್ನ ಮೇಲೆ ತಣ್ಣಗೆ ಹರಿಯಿತು.

“ಓ” ಎಂದಳು ಚಂದ್ರಪ್ರಭಾ.

ದನಿ ಅವಳದೇ. ಎಳೆದ ರೀತಿ ಹಂಸಾಳದು. ಕೊಂಬೆ ಬಾಗಿತು, ಕಪ್ಪು ಮೈ ಇಳಿದು ಬಂದು ಜಾಲರಿ ಹಿಡಿದು ಕೂತಿತು. ಅವಳತ್ತ ನೋಡಲಿಲ್ಲ. ಬೆಂಚಿನ ಖಾಲಿ ಭಾಗವನ್ನೇ ನೋಡಿತು, ಕೂತವರ ಮುಖವಿರುವಷ್ಟು ಎತ್ತರದಲ್ಲಿ, ಕಣ್ಣು ಕದಲಿಸದೆ. ಜಾಲರಿಯಿಂದ ಬೆರಳು ಚಾಚಿ, ಅಲ್ಲಿದ್ದ ಗಾಳಿಯನ್ನು ಮೆಲ್ಲಗೆ ಮುಟ್ಟಿತು.

ಫೋಟೋಕ್ಕೆಂದು ಎತ್ತಿದ್ದ ಮೊಬೈಲನ್ನು ಮನೋಜ್ ಇಳಿಸಿಬಿಟ್ಟ. ಸ್ವಲ್ಪ ಹೊತ್ತಿಗೆ ಪ್ರಾಣಿ ಎದ್ದು ಮರಕ್ಕೆ ಮರಳಿತು.

“ಅದು ಯಾರನ್ನ ನೋಡ್ತಿತ್ತು, ಮಾತಾಜಿ?”

“ನನಗೂ ಕಾಣಲಿಲ್ಲ ಬೇಟಾ” ಎಂದಳು ಚಂದ್ರಪ್ರಭಾ. ಹಿಂದಿ ತಾನಾಗಿ ಬಂತು. “ಕಾಣದೆ ಇರೋಕೂ ಒಂದು ಜಾಗ ಬೇಕಲ್ಲ. ಅದಿದ್ದರೇನೇ, ಕರೆದವರ ಹತ್ತಿರ ಬರೋಕೆ ಮನಸ್ಸಾಗೋದು.”

ಮನೋಜ್ ಬೆಂಚಿನ ಖಾಲಿ ಭಾಗವನ್ನು ನೋಡಿದ, ಅದನ್ನು ಸುತ್ತುಬಳಸಿ ದೂರದಿಂದ ನಡೆದ. ಮಾಲಿಯನ್ನು ಕರೆಸಿ ಒದ್ದೆ ಗೋಣಿಚೀಲದಿಂದ ಸುಣ್ಣದ ಗುರುತು ಒರೆಸಿಸಿದ. ಗಾಜಿನ ಮಾತು ಮತ್ತೆ ಎತ್ತಲಿಲ್ಲ.

ಹೊರಡುವಾಗ ಚಂದ್ರಪ್ರಭಾ ಬೆಂಚನ್ನು ಸವರಿದಳು. ಮಂಜು ಬಿದ್ದು ಹಲಗೆಯೆಲ್ಲ ಒದ್ದೆಯಾಗಿತ್ತು. ತಾನು ಕೂತಿದ್ದ ಜಾಗ ಒಣಗಿಯೇ ಇತ್ತು, ಅದರ ಪಕ್ಕದ್ದೂ.

ಗೇಟಿನ ಹತ್ತಿರ ಆಟೊ ಕಾಯುತ್ತಿತ್ತು. ಹೆಜ್ಜೆ ಎತ್ತಿಡುವಾಗ ಹಿಂದಿನಿಂದ, ಮಂಜಿನೊಳಗಿಂದ, ಒಂದೇ ಸಲ ಕೇಳಿತು: “ಪ್ರಭೀ.”

ಅವಳು ತಿರುಗಿ ನೋಡಲಿಲ್ಲ. ಎರಡನೆಯ ಕೂಗಿಗೆ ಕಾಯಲೂ ಇಲ್ಲ.

“ಓ” ಎಂದಳು.