ಆರಿಸಿ ತಂದದ್ದೋ, ಬಾಚಿ ತಂದದ್ದೋ

ನಮ್ಮ ಅಂಗಡಿ ಯಜಮಾನರ ಬಲಗೈ ತೋರುಬೆರಳನ್ನು ಅವರ ಫೋನೇ ಗುರುತಿಸುತ್ತಿರಲಿಲ್ಲ. ಕಂಪ್ಯೂಟರಿನ ಪ್ರೊಸೆಸರ್ ಮೇಲಿನ, ಬಿಸಿ ಹೀರುವ ಹೀಟ್‌ಸಿಂಕನ್ನು ಮುಟ್ಟಿ ಮುಟ್ಟಿ ಬೆರಳ ತುದಿ ಬೆಂದು ನುಣ್ಣಗಾಗಿತ್ತು. ಬಲಗೈಯೇ? ಎಡಗೈ ಎನ್ನುತ್ತಾರೆ ಅವರ ಹೆಂಡತಿ. ಇರಲಿ, ಬೆರಳಂತೂ ನಿಜ.

ಮಂಡಿ ಮೊಹಲ್ಲಾದ ಅವರ ಅಂಗಡಿಯಲ್ಲಿ ಅವರೂ ನಾನೂ ಕಂಪ್ಯೂಟರ್ ಜೋಡಿಸುತ್ತಿದ್ದೆವು. ಹೊಸ ಪ್ರೊಸೆಸರ್ ಮಾರಾಟಕ್ಕೆ ಬರುವ ಮೊದಲೇ ಕಂಪನಿಯವರು ಸ್ಯಾಂಪಲ್ ಹಿಡಿದು ಬರುತ್ತಿದ್ದರು: ಓವರ್‌ಕ್ಲಾಕ್ ಮಾಡಿ, ಅಂದರೆ ನಿಗದಿತ ವೇಗ ಮೀರಿ ಓಡಿಸಿ, ಏನೂ ಆಗುವುದಿಲ್ಲ ಎಂದು. ಯಜಮಾನರದ್ದು ಒಂದೇ ಪ್ರಶ್ನೆ: “ಆರಿಸಿ ತಂದ್ರೋ, ರಾಶಿಯಿಂದ ಬಾಚಿ ತಂದ್ರೋ?” ಬಂದವರು ನಕ್ಕರೆ, “ಹೆಣ್ಣು ನೋಡೋಕೆ ಹೋದ ದಿನದ ಉಪ್ಪಿಟ್ಟು ಕಣ್ರೀ ಇದು. ದಿನಾ ಅಂಗೇ ಇರುತ್ತಾ?” ಅನ್ನುತ್ತಿದ್ದರು. ಅಂಗಡಿಗೆ ಬಂದ ಸರಕಿನಿಂದ ಒಂದನ್ನು ತೆಗೆದು, ಮಧ್ಯಾಹ್ನದ ಸೆಕೆಯಲ್ಲಿ ಓಡಿಸಿ, ಮುಟ್ಟಿ ನೋಡಿದ ಮೇಲೆಯೇ ಅವರ ಮಾತು.

ಒಮ್ಮೆ ಮಾತ್ರ ಸೋತರು. ಒಂದು ಸ್ಯಾಂಪಲ್ ಅಷ್ಟು ತಣ್ಣಗೆ ಓಡಿತು. ಸರಕು ಬರುವ ಮೊದಲೇ, ಮದುವೆ ವಿಡಿಯೊ ಎಡಿಟ್ ಮಾಡುವ ಬನ್ನಿಮಂಟಪದ ಹೆಂಗಸಿಗೆ “ಧೈರ್ಯವಾಗಿ ತಗೊಳ್ಳಿ” ಅಂದುಬಿಟ್ಟರು. ಆಮೇಲೆ ಆಕೆಗೆ ಮಾರಿದ ಪ್ರೊಸೆಸರ್ ಆ ವೇಗದಲ್ಲಿ ಪದೇ ಪದೇ ನಿಂತಿತು. ಹೇಳಿದ ದಿನಕ್ಕೆ ವಿಡಿಯೊ ಕೊಡಲಾಗದೆ ಬೈಸಿಕೊಂಡು ಬಂದ ಆಕೆ ಜಗಳವಾಡಲಿಲ್ಲ.

“ಕಂಪನಿ ಮಾತು ನಾನು ಕೇಳೇ ಇರ್ಲಿಲ್ಲ ಸಾರ್. ನಿಮ್ಮ ಮಾತು ಕೇಳಿ ಕೆಟ್ಟೆ.”

ಯಜಮಾನರು ವೇಗ ಇಳಿಸಿ ಸರಿಮಾಡಿಕೊಟ್ಟರು. ತಲೆ ಎತ್ತಲಿಲ್ಲ. ಅತ್ತರು ಎಂದು ನನ್ನ ನೆನಪು ಹೇಳುತ್ತದೆ, ಅದನ್ನು ನಂಬಲಾರೆ. ಸೆಕೆಯ ದಿನ, ಬೆವರಿರಬಹುದು. ಆಕೆ ಹೋದ ಮೇಲೆ “ಗೊತ್ತಿದ್ದೂ ಬಿದ್ದೆನಲ್ಲೋ” ಎಂದದ್ದು ಮಾತ್ರ ಕಿವಿಯಲ್ಲಿದೆ. ಮುಂದೆ ಅವರು ಸ್ಯಾಂಪಲ್ ಡಬ್ಬಿ ಬಿಚ್ಚಲೇ ಇಲ್ಲ.

ಅವರು ಹೋದರು. ಅಂಗಡಿಯನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಅವರ ವೈಕುಂಠ ಸಮಾರಾಧನೆಗೆ ಬಂದ ಕಂಪನಿಯವನು ಊಟ ಮುಗಿಸಿ ನನ್ನ ಕೈಯಲ್ಲೊಂದು ಸ್ಯಾಂಪಲ್ ಡಬ್ಬಿ ಇಟ್ಟ. “ಅವರಿಗೆ ಅನುಮಾನ ಜಾಸ್ತಿ. ನೀವಾದ್ರೂ ಒಂದು ಮಾತು ಹೇಳ್ಬುಡಿ ಸಾರ್.”

ವಾಪಸ್ ಕೊಟ್ಟೆ ಎಂದು ಬರೆಯುವ ಆಸೆ. ಕೊಡಲಿಲ್ಲ, ಓಡಿಸಿದೆ. ತಣ್ಣಗೆ ಓಡಿತು. ಖುಷಿಯಾಯಿತು. ಆ ಖುಷಿಗೇ ಈಗ ನಾಚಿಕೆ.

ನಿನ್ನೆ ಬನ್ನಿಮಂಟಪದ ಅದೇ ಹೆಂಗಸು ಬಂದು ಕೇಳಿದರು: “ಹೊಸದು ಹೆಂಗಿದೆಯಂತೆ?”

ಹೊಗಳಿಕೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ರಾಶಿ ಬರ್ಲಿ, ಮುಟ್ಟಿ ನೋಡಿ ಹೇಳ್ತೀನಿ” ಅಂದೆ.

“ಥೇಟ್ ನಿಮ್ಮ ಯಜಮಾನರೇ!” ಎಂದು ನಕ್ಕರು.

ತಲೆ ತಗ್ಗಿಸಿದೆ. ನನ್ನ ಬೆರಳನ್ನು ಫೋನು ಇನ್ನೂ ಗುರುತಿಸುತ್ತದೆ.