ಆರನೆಯ ನಕ್ಷತ್ರದವರ ಮದುವೆ

ನಾನು ಈವರೆಗೆ ಬರೆದದ್ದು ಒಂದೇ ಒಂದು ನಾಟಕ. ಅದೂ ಭೂಮಿಯ ಕಥೆಯಲ್ಲ. ಒಂಬತ್ತು ನಕ್ಷತ್ರಗಳ ಜನ ಸೇರಿ ಕಟ್ಟಿಕೊಂಡ ಒಕ್ಕೂಟ, ಅವರದೊಂದು ಸಭೆ, ಆ ಸಭೆಗೆ ಹೊಸ ಸದಸ್ಯನಾಗಿ ಬಂದ ಒಬ್ಬ ಭೂಮಿಯವ. ಇಷ್ಟರಲ್ಲಿ ಮುಗಿಯುವ ಅರ್ಧ ಗಂಟೆಯ ನಾಟಕ.

ಹನ್ನೆರಡು ವರ್ಷಗಳ ಹಿಂದಿನ ಮಾತು. ನನಗೆ ಆಗ ಇಪ್ಪತ್ತೊಂಬತ್ತು. ಕಾಸರಗೋಡಿನ ವಿದ್ಯಾನಗರದ ಒಂದು ಸರಕಾರಿ ಕಚೇರಿಯಲ್ಲಿ ಕ್ಲರ್ಕ್ ಆಗಿದ್ದೆ. ಓಣಂ ಬಂದರೆ ನಮ್ಮಲ್ಲಿ ಹೂವಿನ ರಂಗೋಲಿ, ಹಗ್ಗಜಗ್ಗಾಟ, ಮಲಯಾಳಂ ಹಾಡು ಎಲ್ಲ ಇರುತ್ತಿತ್ತು. ಆ ವರ್ಷ ಮಾತ್ರ ಸೂಪರಿಂಟೆಂಡೆಂಟರು ಕನ್ನಡದವರದ್ದೂ ಒಂದು ಐಟಂ ಬೇಕೆಂದು ಹಟ ಹಿಡಿದರು. ಅವರು ದಕ್ಷಿಣ ಕೇರಳದವರು. ಇಲ್ಲಿಗೆ ವರ್ಗವಾಗಿ ಬಂದ ಮೇಲೆ ಅಕ್ಷರ ಕೂಡಿಸಿ ಕೂಡಿಸಿ ಕನ್ನಡ ಕಲಿತವರು. ಶಾಲೆಯಲ್ಲಿದ್ದಾಗ ನಾನು ಕಥೆ ಬರೆಯುತ್ತಿದ್ದೆನೆಂದು ಅವರಿಗೆ ಯಾರೋ ಹೇಳಿದ್ದರು.

ನಾಟಕದಲ್ಲಿ ನಾನು ಒಂದು ನಿಯಮ ಇಟ್ಟಿದ್ದೆ. ಒಕ್ಕೂಟದ ಪ್ರತಿ ನಕ್ಷತ್ರದವರಿಗೂ ಹೊರಗಿನವರಿಗೆ ಹೇಳಬಾರದ ಒಂದು ಸಂಗತಿ ಉಂಟು. ಅದನ್ನು ಬೇರೆಯವರು ಕೇಳಬಾರದು. ಒಬ್ಬರು ಪರದೆಯ ಹಿಂದೆ ಮಾತ್ರ ಊಟ ಮಾಡುತ್ತಾರೆ. ಇನ್ನೊಬ್ಬರು ಮಕ್ಕಳು ಎಷ್ಟೆಂದು ಎಣಿಸುವುದಿಲ್ಲ. ಮತ್ತೊಬ್ಬರ ಲೋಕದಲ್ಲಿ ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳಿದರೆ ಅವರು ವಾಪಸು ಬಂದು, ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು. ಇದು ನನ್ನ ಅಮ್ಮನ ಪದ್ಧತಿ, ನಾನು ನಕ್ಷತ್ರಕ್ಕೆ ಕಳಿಸಿದ್ದು. ಭೂಮಿಯವನಿಗೆ ಈ ಯಾವ ಶಿಷ್ಟಾಚಾರವೂ ತಿಳಿಯದು. ಅವನು ಒಬ್ಬೊಬ್ಬರನ್ನೇ ಕೆದಕಿ ಕೇಳುತ್ತಾ ಹೋಗುತ್ತಾನೆ, ಉಳಿದವರು ನಗುತ್ತಾರೆ. ಆರನೆಯ ನಕ್ಷತ್ರದ ಹೆಂಗಸಿನ ಸರದಿ ಬಂದಾಗ ನಗು ಜೋರಾಗಬೇಕೆಂದು ನನ್ನ ಲೆಕ್ಕ. ಏಕೆಂದರೆ ಅವಳ ಜನ ಸತ್ತುಹೋದ ಮಕ್ಕಳಿಗೆ ಮದುವೆ ಮಾಡಿಸುತ್ತಾರೆ.

ಅದನ್ನೂ ನಾನು ದೂರದಿಂದ ತಂದದ್ದಲ್ಲ.

ನನಗೊಬ್ಬಳು ತಂಗಿ ಇದ್ದಳು. ನನಗೆ ಏಳು ತುಂಬುವಾಗ ಅವಳಿಗೆ ಮೂರು. ಜ್ವರ ಬಂದು ನಾಲ್ಕೇ ದಿನಕ್ಕೆ ಹೋದಳು. ಅವಳ ಬಗ್ಗೆ ನನ್ನಲ್ಲಿ ಉಳಿದದ್ದು ಸ್ವಲ್ಪವೇ. ನಾನು ಶಾಲೆಯಿಂದ ಬರುವಾಗ ಗೇಟಿನ ಸರಳಿನ ನಡುವೆ ಮುಖ ಸಿಕ್ಕಿಸಿಕೊಂಡು ನಿಂತಿರುತ್ತಿದ್ದಳು, ಹಿಂದೆ ತೆಗೆಯಲು ಬಾರದೆ ಅಳುತ್ತಿದ್ದಳು. ಮರುದಿನ ಮತ್ತೆ ಅಲ್ಲೇ.

ನನ್ನ ಮದುವೆಯ ಮಾತು ಮೂರು ಸಲ ಕೊನೆಯವರೆಗೆ ಬಂದು ಮುರಿದುಬಿತ್ತು. ಮೂರನೆಯದು ಮುರಿದಾಗ ಅಪ್ಪ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದರು. ತೀರಿಹೋದ ಹುಡುಗಿ ಪ್ರಾಯಕ್ಕೆ ಬಂದಿದ್ದಾಳೆ, ಅವಳಿಗೊಂದು ವರ ನೋಡಿ, ಆಮೇಲೆ ದೊಡ್ಡವಳದ್ದು ತಾನಾಗಿ ಆಗುತ್ತದೆ ಎಂದು ಜ್ಯೋತಿಷಿ ಹೇಳಿ ಕಳಿಸಿದರು. ತುಳುವಿನಲ್ಲಿ ಇದಕ್ಕೆ ಕುಲೆ ಮದಿಮೆ ಎನ್ನುತ್ತಾರೆ, ತೀರಿಹೋದವರ ಮದುವೆ. ನಮ್ಮ ಕಡೆ ಇದು ಹೊಸತಲ್ಲ. ಆದರೆ ಯಾರೂ ಊರಿಗೆಲ್ಲ ಹೇಳಿಕೊಂಡು ತಿರುಗುವುದಿಲ್ಲ. ಅಮ್ಮ ಬೀಡಿ ಕಟ್ಟುವ ಗೆರಸೆಯಿಂದ ತಲೆಯೆತ್ತದೆ ಹೇಳಿದ್ದರು, "ಇದೆಲ್ಲ ಹೊರಗಿನವರ ಹತ್ರ ಹೇಳ್ಲಿಕ್ಕಿಲ್ಲ. ನಗ್ತಾರೆ."

ನನಗೆ ಬಂದದ್ದು ಸಿಟ್ಟು. ಓದಿ, ಪರೀಕ್ಷೆ ಬರೆದು, ಸರಕಾರಿ ಕೆಲಸ ಹಿಡಿದ ನಾನು ಒಂದು ಮೂರು ವರ್ಷದ ಮಗುವಿನ ಹಿಂದೆ ಸಾಲಿನಲ್ಲಿ ನಿಲ್ಲಬೇಕೇ? ಬೇರೆಯವರು ನಗುವ ಮೊದಲು ನಾನೇ ನಕ್ಕುಬಿಡಬೇಕೆಂದು ಅದನ್ನು ನಾಟಕಕ್ಕೆ ಹಾಕಿದೆ.

ಆರನೆಯ ನಕ್ಷತ್ರದ ಹೆಂಗಸಿನ ಪಾತ್ರ ನಮ್ಮ ಸೆಕ್ಷನ್ನಿನ ಹಿರಿಯ ಕ್ಲರ್ಕ್ ಅಕ್ಕನದು. ಐವತ್ತರ ಹತ್ತಿರದವರು, ಮೀಂಜದ ಕಡೆಯವರು. ನಾನು ವರ್ಕಾಡಿಯಿಂದ, ಅವರು ಮೀಂಜದಿಂದ ಬೆಳಗ್ಗೆ ಹೊಸಂಗಡಿಗೆ ಬಂದು ಸೇರುತ್ತಿದ್ದೆವು. ಅಲ್ಲಿಂದ ಕಾಸರಗೋಡಿನ ಬಸ್ಸು, ಮತ್ತೆ ವಿದ್ಯಾನಗರಕ್ಕೆ ಟೌನ್ ಬಸ್ಸು. ಸೀಟು ಮೊದಲು ಸಿಕ್ಕಿದವರು ಮತ್ತೊಬ್ಬರಿಗೆ ಕರವಸ್ತ್ರ ಹಾಕಿಡುವುದು. ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಒಬ್ಬಳೇ ಮಗಳು, ಮಂಗಳೂರಿನಲ್ಲಿ ಓದುತ್ತಾಳೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೊದಲ ದಿನದ ಓದು ಸಂಜೆ ಐದರ ನಂತರ ಮೀಟಿಂಗ್ ಹಾಲಿನಲ್ಲಿ. ಸೂಪರಿಂಟೆಂಡೆಂಟರು ಒಕ್ಕೂಟದ ಅಧ್ಯಕ್ಷರು. ಭೂಮಿಯವನಾಗಿ ಕಚೇರಿಯ ಜೀಪಿನ ಡ್ರೈವರು. ಊಟದ ಪರದೆಯವರದ್ದು ಆಯಿತು, ಮಕ್ಕಳನ್ನು ಎಣಿಸದವರದ್ದು ಆಯಿತು, ಎಲ್ಲರೂ ಚೆನ್ನಾಗಿ ನಕ್ಕರು. ಆರನೆಯ ನಕ್ಷತ್ರ ಬಂತು. ಡ್ರೈವರು ಓದಿದ, "ಸತ್ತವರಿಗೆ ಮದುವೆಯಾ? ಹಾಗಾದರೆ ಹನಿಮೂನ್ ಎಲ್ಲಿಗೆ?" ಹಾಲಿಗೆ ಹಾಲೇ ನಕ್ಕಿತು. ನಾನೂ ನಕ್ಕೆ.

ಅಕ್ಕ ಕಾಗದವನ್ನು ಮೇಜಿನ ಮೇಲೆ ಇಟ್ಟರು.

"ಇದು ನನ್ನಿಂದ ಆಗುದಿಲ್ಲ. ಬೇರೆ ಯಾರಿಗಾದ್ರೂ ಕೊಡಿ," ಎಂದರು. ದನಿ ಏರಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಹೋದರು.

ಮರುದಿನ ಹೊಸಂಗಡಿಯಲ್ಲಿ ಅವರು ನನಗೆ ಸೀಟು ಹಿಡಿದಿರಲಿಲ್ಲ. ಅದರ ಮರುದಿನವೂ ಇಲ್ಲ. ಕಚೇರಿಯಲ್ಲಿ ಫೈಲು ಬೇಕಾದರೆ ಪಿಯೋನನ ಕೈಯಲ್ಲಿ ಹೇಳಿಕಳಿಸುತ್ತಿದ್ದರು. ಮೂರನೆಯ ದಿನ ಅವರ ಪಕ್ಕ ಕೂತಿದ್ದ ಹುಡುಗಿ ಉಪ್ಪಳದಲ್ಲಿ ಇಳಿದಳು. ನಾನು ಹೋಗಿ ಕೂತೆ. ಅವರು ಕಿಟಕಿಯ ಕಡೆ ತಿರುಗಿದರು.

"ಅಕ್ಕ, ಅದು ನಾನು ಯಾರನ್ನೋ ತಮಾಷೆ ಮಾಡಿದ್ದಲ್ಲ," ಎಂದೆ. "ನಮ್ಮ ಮನೆಯದ್ದೇ. ನನ್ನ ತಂಗಿಗೆ ವರ ಹುಡುಕ್ತಾ ಇದ್ದಾರೆ. ನನಗೆ ನಾಚಿಕೆ ಆಗಿ ಹಾಗೆ ಬರ್ದದ್ದು."

ಬಸ್ಸು ಕುಂಬಳೆ ದಾಟಿತು.

"ನನಗೆ ಎಷ್ಟು ಮಕ್ಕಳು?" ಎಂದು ಅಕ್ಕ ಕೇಳಿದರು.

"ಒಬ್ಬಳು."

"ಇಬ್ಬರು. ಮೊದಲಿನವ ಗಂಡು. ಹುಟ್ಟಿ ಹತ್ತು ತಿಂಗಳಿಗೆ ಹೋದ. ಈಗ ಇದ್ದಿದ್ರೆ ಇಪ್ಪತ್ತೇಳು." ಅವರು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು. "ಇಷ್ಟು ವರ್ಷ ಯಾರು ಕೇಳಿದ್ರೂ ಒಬ್ಬಳು, ಒಬ್ಬಳು ಅಂತ ಹೇಳ್ತಾ ಬಂದೆ ಮಾರಾಯ್ತಿ. ಪ್ರತಿ ಸಲ ಹೇಳುವಾಗ್ಲೂ ಅವನನ್ನು ಬಾಗಿಲಿನ ಹೊರಗೆ ನಿಲ್ಲಿಸಿದ ಹಾಗೆ ಆಗ್ತದೆ. ಎರಡು ವರ್ಷದಿಂದ ನಾವೂ ಹೆಣ್ಣು ಹುಡುಕ್ತಾ ಇದ್ದೇವೆ. ನಿನ್ನ ಕಾಗದದಲ್ಲಿ ಅದನ್ನು ನೋಡುವಾಗ, ಎಲ್ಲರೂ ನಗುವಾಗ, ನನಗೆ ಎಂತ ಮಾಡುದು ಗೊತ್ತಾಗ್ಲಿಲ್ಲ."

ಕಾಸರಗೋಡು ಬಂತು, ಇಳಿದೆವು, ಟೌನ್ ಬಸ್ಸು ಹತ್ತಿದೆವು. ವಿದ್ಯಾನಗರದ ಸ್ಟಾಪಿನಲ್ಲಿ ಕೊಡೆ ಬಿಡಿಸುತ್ತಾ ಅವರು ತೀರ ಸಾಮಾನ್ಯವಾಗಿ ಕೇಳಿದರು, "ನಿಮ್ಮದು ಯಾವ ಬರಿ?"

ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಗೋತ್ರ. ಒಂದೇ ಬರಿಯವರು ಮದುವೆಯಾಗುವ ಹಾಗಿಲ್ಲ. ಸಂಬಂಧ ಕುದುರಿಸುವವರು ಮೊದಲು ಕೇಳುವ ಪ್ರಶ್ನೆಯೇ ಅದು. ನನ್ನನ್ನು ನೋಡಲು ಬಂದ ಮೂರು ಮನೆಯವರೂ ಕೇಳಿದ್ದರು. ನಾನು ನಮ್ಮ ಬರಿ ಹೇಳಿದೆ. ಅಕ್ಕ ತಮ್ಮದು ಹೇಳಿದರು. ಬೇರೆ ಬೇರೆ. ಇಬ್ಬರೂ ಮುಖ ಮುಖ ನೋಡಿಕೊಂಡು ಒಂದು ಕ್ಷಣ ಮಳೆಯಲ್ಲೇ ನಿಂತೆವು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮನ ಕೈಯ ಕತ್ತರಿ ಬೀಡಿ ಎಲೆಯ ಮೇಲೆ ನಿಂತಿತು.

"ಆಫೀಸಿನಲ್ಲಿ ಹೇಳಿದಿಯಾ?"

"ಹೇಳಿದ್ದಲ್ಲ ಅಮ್ಮ. ನಾಟಕದಲ್ಲಿ ಬರ್ದೆ."

"ನಾಟಕದಲ್ಲಿ ಬರ್ದದ್ದಾ? ನಿನ್ನ ತಂಗಿಯನ್ನು ನೀನೇ ಸಭೆಯಲ್ಲಿ ನಿಲ್ಲಿಸಿದ್ದಾ?"

ಅಮ್ಮ ಎದ್ದು ಒಳಗೆ ಹೋದರು. ನಾನು ಕೈಕಾಲು ತೊಳೆದು ಬಂದು ಬೈಗುಳಕ್ಕೆ ಕಾಯುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ಬಂದು ನಿಂತವರು ಕೇಳಿದ್ದು ಬೇರೆಯೇ. "ಅವರದ್ದು ಯಾವ ಬರಿ? ಹುಡುಗ ಯಾವ ನಕ್ಷತ್ರದಲ್ಲಿ ಹುಟ್ಟಿದ್ದು ಅಂತ ಕೇಳಿದಿಯಾ?"

ಅಪ್ಪ, ಸೋದರಮಾವ ಮೀಂಜಕ್ಕೆ ಹೋಗಿ ಬಂದರು. ಅವರ ಕಡೆಯಿಂದಲೂ ನಾಲ್ಕು ಜನ ಬಂದು ಅವಲಕ್ಕಿ ತಿಂದು, ಚಹಾ ಕುಡಿದು, ಮನೆ ನೋಡಿ ಹೋದರು. ಜಾತಕ ಕೂಡಿ ಬಂತು. ಜೀವ ಇರುವವರ ಶುಭಕಾರ್ಯಕ್ಕೆ ಆಗದ ಆಟಿ ತಿಂಗಳು, ಎಂದರೆ ತುಳುವರ ಆಷಾಢ, ಇಂಥದ್ದಕ್ಕೆ ಆಗುತ್ತದೆ. ಆ ಆಟಿಯ ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಮದುವೆ.

ಗಾಂಭೀರ್ಯದಲ್ಲಿ ಎಲ್ಲರೂ ಬಿಗಿದುಕೊಂಡಿರುತ್ತಾರೆ ಎಂದು ನಾನು ಎಣಿಸಿದ್ದೆ. ಹಾಗಿರಲಿಲ್ಲ. ಜೀಪು ಇಳಿಯುವಾಗಲೇ ಅಕ್ಕನ ಅತ್ತಿಗೆ, "ಹೆಣ್ಣಿನ ಕಡೆಯವರು ಇಷ್ಟು ತಡವಾದ್ರೆ ಹೇಗೆ, ಮದುಮಗ ಆಗಿಂದ ಕಾಯ್ತಾ ಇದ್ದಾನೆ," ಎಂದರು. ಕಾಲಿಗೆ ನೀರು ಕೊಟ್ಟರು, ಬೆಲ್ಲ ನೀರು ಕೊಟ್ಟರು. ಒಳಗೆ ಎರಡು ಮಣೆ. ಒಂದರ ಮೇಲೆ ಬಿಳಿ ಅಂಗಿ, ಪಂಚೆ, ಶಾಲು. ಇನ್ನೊಂದು ಖಾಲಿ. ಗಂಡಿನ ಕಡೆಯವರು ಧಾರೆ ಸೀರೆಯನ್ನು ತಟ್ಟೆಯಲ್ಲಿಟ್ಟು ಅಮ್ಮನ ಕೈಗೆ ಕೊಟ್ಟರು. ಹಸುರು ಬಣ್ಣದ್ದು, ಕೆಂಪು ಅಂಚು. ಅಮ್ಮ ಅದನ್ನು ಬದಿಯ ಕೋಣೆಯಲ್ಲಿ ಇಟ್ಟು ಬಾಗಿಲು ಎಳೆದುಕೊಂಡು ಬಂದರು.

"ಸ್ವಲ್ಪ ಹೊತ್ತು ಬಿಡಿ," ಎಂದರು ಹಿರಿಯರೊಬ್ಬರು. "ಹುಡುಗಿ ಸೀರೆ ಉಡ್ಲಿಕ್ಕೆ ಸಮಯ ಬೇಡವಾ?"

ಎಲ್ಲರೂ ಕಾದೆವು. ಯಾರೋ ಎಲೆ ಅಡಿಕೆ ಹಾಕಿಕೊಂಡರು. ಅಪ್ಪ ಕೈಕಟ್ಟಿ ಮಾಡಿನ ಹಂಚು ನೋಡುತ್ತಿದ್ದರು. ಆ ಮುಚ್ಚಿದ ಬಾಗಿಲನ್ನು ನೋಡುತ್ತಾ ನನಗೆ ಇದ್ದಕ್ಕಿದ್ದಂತೆ ಭಯವಾಯಿತು: ಅವಳಿಗೆ ಸೀರೆ ಉಡಲು ಯಾರು ಕಲಿಸಿದ್ದಾರೆ? ಕಲಿಸಬೇಕಾದವಳು ನಾನಲ್ಲವೇ? ಯಾರನ್ನೂ ಕೇಳದೆ ಎದ್ದು ಒಳಗೆ ಹೋದೆ. ಸೀರೆ ಬಿಚ್ಚಿ, ನೆರಿಗೆ ಹಿಡಿದು, ಮಡಚಿ, ಮೇಲೆ ಗಾಜಿನ ಬಳೆ, ಮಲ್ಲಿಗೆ ಇಟ್ಟು ಎರಡು ಕೈಯಲ್ಲಿ ಎತ್ತಿಕೊಂಡು ಬಂದೆ. ಯಾರೂ ಏನೂ ಕೇಳಲಿಲ್ಲ. ಅಕ್ಕ ಬಂದು ನನ್ನ ಮೊಣಕೈ ಹಿಡಿದು ಮಣೆಯವರೆಗೆ ಜೊತೆಗೆ ನಡೆದರು.

ಧಾರೆಯ ಹೊತ್ತಿಗೆ ಇಬ್ಬರ ಹೆಸರನ್ನೂ ಗಟ್ಟಿಯಾಗಿ ಕರೆದರು. ತಂಗಿಯ ಹೆಸರನ್ನು ನಾನು ಇಪ್ಪತ್ತೆರಡು ವರ್ಷಗಳ ನಂತರ ಬೇರೊಬ್ಬರ ಬಾಯಲ್ಲಿ ಕೇಳಿದೆ. ಅಮ್ಮ ಅತ್ತರು, ಅಕ್ಕ ಅತ್ತರು. ಹೆಣ್ಣು ಒಪ್ಪಿಸಿಕೊಡುವಾಗ ಯಾವ ಮದುವೆಯಲ್ಲಿ ಅಳುವುದಿಲ್ಲ? ಮೊದಲು ಮದುಮಕ್ಕಳಿಬ್ಬರಿಗೆ ಎಲೆ ಹಾಕಿ ಬಡಿಸಿದರು. ಆಮೇಲೆ ನಮಗೆ. ಕೋಳಿ, ಕಡ್ಲೆ, ಪಾಯಸ. ನನಗೆ ಚೆನ್ನಾಗಿ ಹಸಿವಾಗಿತ್ತು, ಎರಡು ಸಲ ಹಾಕಿಸಿಕೊಂಡು ಊಟ ಮಾಡಿದೆ.

ನಾಟಕ ಉಳಿದಿತ್ತು. ಮದುವೆಯಾದ ಮರುದಿನ ಬಸ್ಸಿನಲ್ಲಿ ಆ ದೃಶ್ಯವನ್ನು ತೆಗೆದುಬಿಡುತ್ತೇನೆ ಎಂದೆ.

"ಯಾಕೆ ತೆಗಿಯುದು? ಇರ್ಲಿ," ಎಂದರು ಅಕ್ಕ. "ನಾನೇ ಮಾಡ್ತೇನೆ. ಆ ಡ್ರೈವರನ ಹನಿಮೂನ್ ಮಾತು ಮಾತ್ರ ತೆಗಿ. ಅವ ಬೇರೆ ಎಂತಾದ್ರೂ ಕೇಳ್ಲಿ."

"ಎಂತ ಕೇಳ್ಬೇಕು?"

ಅವರು ಯೋಚಿಸಿದರು. "ಊಟಕ್ಕೆ ಎಂತ ಇತ್ತು ಅಂತ ಕೇಳ್ಲಿ. ಮದುವೆಗೆ ಹೋಗಿ ಬಂದವರ ಹತ್ರ ಎಲ್ಲರೂ ಕೇಳುದು ಅದೇ ಅಲ್ವಾ."

ಓಣಂ ಕಾರ್ಯಕ್ರಮದ ದಿನ ಅಕ್ಕ ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಅದರ ಸುತ್ತ ಬೆಳ್ಳಿಬಣ್ಣದ ಕಾಗದ ಸುತ್ತಿಕೊಂಡು ವೇದಿಕೆಗೆ ಬಂದರು. "ನಮ್ಮಲ್ಲಿ ತೀರಿಹೋದ ಮಕ್ಕಳೂ ದೊಡ್ಡವರಾಗುತ್ತಾರೆ. ದೊಡ್ಡವರಾದ ಮೇಲೆ ಮದುವೆ ಮಾಡಿಸುತ್ತೇವೆ. ನೀವು ನಗುತ್ತೀರಿ ಎಂದು ಇಷ್ಟು ಕಾಲ ಹೇಳಿರಲಿಲ್ಲ," ಎಂದರು. ಹಿಂದಿನ ಸಾಲಿನಲ್ಲಿ ಇಬ್ಬರು ಮೂವರು ನಕ್ಕರು. ಡ್ರೈವರು ಮೆಲ್ಲಗೆ ಕೇಳಿದ, "ಊಟಕ್ಕೆ ಎಂತ ಇತ್ತು?" ಅಕ್ಕ ಒಂದೊಂದೇ ಹೇಳಿದರು. ಕೋಳಿ, ಕಡ್ಲೆ, ಪಾಯಸ. ಬರೆದದ್ದರಲ್ಲಿ ಪಾಯಸಕ್ಕೇ ನಿಲ್ಲಬೇಕಿತ್ತು. ಅವರು ಉಪ್ಪಿನಕಾಯಿವರೆಗೂ ಹೇಳಿ ಮುಗಿಸಿದರು. ಆ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಬಹುಮಾನ ತಿರುವಾದಿರ ನೃತ್ಯಕ್ಕೆ ಹೋಯಿತು. ನಮ್ಮ ನಾಟಕದಲ್ಲಿ ಒಕ್ಕೂಟದ ಉದ್ದೇಶವೇನೆಂದು ಸ್ಪಷ್ಟವಾಗಲಿಲ್ಲ ಎಂದು ತೀರ್ಪುಗಾರರು ಹೇಳಿದರು. ಸೂಪರಿಂಟೆಂಡೆಂಟರು ಎರಡು ದಿನ ಬಿಟ್ಟು ನನ್ನ ಮೇಜಿನ ಹತ್ತಿರ ಬಂದು, ಫೈಲು ನೋಡುವವರ ಹಾಗೆ ಬಗ್ಗಿ, "ನಮ್ಮ ಮನೆಯಲ್ಲಿ ಸಹ ಒಂದು ಉಂಟು. ಹೇಳಲಿಕ್ಕೆ ಬರುವುದಿಲ್ಲ," ಎಂದು ಹೋದರು. ನಾನು ಏನೆಂದು ಕೇಳಲಿಲ್ಲ.

ನನ್ನ ಮದುವೆ ಅದಾಗಿ ಎರಡು ವರ್ಷಕ್ಕೆ ಆಯಿತು. ತಂಗಿ ದಾರಿ ಬಿಟ್ಟುಕೊಟ್ಟದ್ದರಿಂದ ಎಂದು ಅಮ್ಮ ಹೇಳುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ. ಅಕ್ಕ ನಿವೃತ್ತರಾಗಿ ಕೆಲವು ವರ್ಷಗಳಾದವು. ಹೊಸಂಗಡಿಯಲ್ಲಿ ಈಗಲೂ ಬಸ್ಸು ಹತ್ತುವಾಗ ಪಕ್ಕದ ಸೀಟಿನ ಮೇಲೆ ನನ್ನ ಕೈ ಒಂದು ಸಲ ಹೋಗುತ್ತದೆ.

ಬೀಗ್ತಿಯರಿಬ್ಬರೂ ಈಗ ಗಟ್ಟಿ ಸ್ನೇಹಿತೆಯರು. ಕಳೆದ ತಿಂಗಳು ಅಮ್ಮನನ್ನು ಮೀಂಜಕ್ಕೆ ಕರೆದುಕೊಂಡು ಹೋಗಿದ್ದೆ. ಅವರಿಬ್ಬರೂ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು.

"ಇಷ್ಟೊತ್ತಿಗೆ ಇಬ್ಬರು ಮಕ್ಕಳಾದ್ರೂ ಇರ್ತಿದ್ರು," ಎಂದರು ಅಕ್ಕ.

"ನನ್ನ ಮಗಳದ್ದು ಹಟ ಸ್ವಲ್ಪ ಜಾಸ್ತಿ. ನಿಮ್ಮ ಹುಡುಗ ಸಹಿಸ್ಕೊಳ್ತಿದ್ದನಾ?" ಅಮ್ಮ ಕೇಳಿದರು.

"ಅವ ಪಾಪದವ. ಹತ್ತು ತಿಂಗಳಲ್ಲಿ ಒಂದು ದಿನವೂ ಜೋರು ಅತ್ತವನಲ್ಲ."

"ಹಾಗಾದ್ರೆ ಆಗ್ತದೆ," ಎಂದರು ಅಮ್ಮ. ಮತ್ತೊಂದು ಹಿಡಿ ಬೀಜವನ್ನು ಮಡಿಲಿಗೆ ಹಾಕಿಕೊಂಡರು. ನಾಲ್ಕೂವರೆಯ ಬಸ್ಸಿಗೆ ಹೊರಡಬೇಕೆಂದು ನಾನು ಎರಡು ಸಲ ನೆನಪಿಸಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಆ ಬಸ್ಸು ತಪ್ಪಿತು, ಆರರದ್ದಕ್ಕೆ ಹೋದೆವು.