ಪೂಜೆಯ ತಟ್ಟೆಯಲ್ಲಿ ಸಿಕ್ಕ ಆರ್ಕಿಡ್

ಇಲ್ಲಿ ಹೂವಿನ ಗಿಡವೇ ಹುಳ ತಿನ್ನುತ್ತದೆ ಎಂದರೆ ನಮ್ಮ ಮಾನ್ವಿಯಲ್ಲಿ ಯಾರು ನಂಬುತ್ತಾರೆ? ಹೊನ್ನಾವರದ ಕಡಲಂಚಿಗೆ ಬಂದ ಮೊದಲ ಮಳೆಗಾಲ ನಾನೂ ನಂಬಲಿಲ್ಲ. ನಮ್ಮಲ್ಲಿ ಮಳೆಯಾದರೆ ಕಪ್ಪು ಎರೆಮಣ್ಣು ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಇಲ್ಲಿ ನೆಲವೆಲ್ಲ ಕೆಂಪು ಕಲ್ಲು, ಕಲ್ಲಿನ ಮೇಲೆ ಹುಲ್ಲು, ಹುಲ್ಲಿನ ನಡುವೆ ಹುಳ ತಿನ್ನುವ ಆ ನೇರಳೆ ಹೂವು. ಇಂಥ ಹುಲ್ಲುಬಯಲಿಗೆ ಇವರು ಬೇಣ ಎನ್ನುತ್ತಾರೆ. ಬೇಣದ ಹೂಗಳನ್ನು ಗುರುತಿಸುವುದೇ ನನ್ನ ಕೆಲಸ.

ಕುಚ್ಚಲಕ್ಕಿ ಅನ್ನ ಗಂಟಲಿಗಿಳಿಯಲು ವರ್ಷ ಹಿಡಿಯಿತು. ಜೋಳದ ಹಿಟ್ಟು ಇಂದಿಗೂ ಊರಿಂದಲೇ ಬರಬೇಕು. ಹೂವಿನ ವಿಷಯದಲ್ಲಾದರೂ ಸೋಲಬಾರದೆಂಬ ಹಟ ನನ್ನದು. ಈ ಸಲ ಮನೆಯ ಹಿಂದಿನ ಬೇಣದಲ್ಲಿ ನೆಲದ ಆರ್ಕಿಡ್ ಒಂದು ಮೊಗ್ಗು ಬಿಟ್ಟಿತ್ತು. ಇದ್ದದ್ದು ಅದೊಂದೇ ಗಿಡ. ಎಲೆ ನೋಡಿ ಜಾತಿ ಹೇಳುವಂತಿಲ್ಲ, ಹೂ ಅರಳಲೇಬೇಕು. ಜೊತೆ ಕೆಲಸ ಮಾಡುವ ನಾಗವೇಣಿ, "ಇದರ ಹೆಸರು ನೀನೇ ಹೇಳು ಮಾರಾಯ್ತಿ" ಎಂದು ಬಿಟ್ಟುಕೊಟ್ಟಿದ್ದಳು. ಹೊರಗಿನವಳಾದ ನನಗೆ ಅದು ದೊಡ್ಡ ಮಾತು.

ಅದೇ ವಾರ ನಮ್ಮೂರು ಬಾಗಲವಾಡದಿಂದ ದೊಡ್ಡವ್ವ ಬಂದಳು, ನನ್ನನ್ನು ಊರಿಗೆ ಕರೆದೊಯ್ಯಲೇಬೇಕೆಂದು. ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕದವಳು. ಬೆಳಿಗ್ಗೆ ನಾನೇಳುವಷ್ಟರಲ್ಲಿ ಬೇಣ ಸುತ್ತಿ ಬಂದು ಪೂಜೆಗೆ ಕೂತಿದ್ದಳು. ತಟ್ಟೆಯಲ್ಲಿ ತುಂಬೆಹೂವಿನ ಪಕ್ಕ ನನ್ನ ಆರ್ಕಿಡ್, ಅರಳಿದ್ದು!

"ಯವ್ವಾ, ಇದನ್ಯಾಕ ಹರಕೊಂಡು ಬಂದಿ?"

"ಬಿಳಿ ಹೂವು, ಶಿವಗ ಚಲೋ ಅಂತ ತಂದೆ. ನೀ ಯಾಕ ಅಳಾಕತ್ತಿ?"

"ಅದು ಒಂದ ಗಿಡ ಇತ್ತು. ಬೇರಸೈತ ಕಿತ್ತೇನು?"

"ಪೂಜಿ ಹೂವ ಬೇರಸೈತ ಯಾರ ಕೀಳ್ತಾರ, ಹುಚ್ಚಿ? ದೇಟಷ್ಟ ಚಿವುಟೀನಿ. ಮುಂದಿನ ವರ್ಷ ಶಿವಗ ಹೂವ ಬ್ಯಾಡೇನು?"

ಅಬ್ಬಾ, ಹೋದ ಜೀವ ಬಂದಂತಾಯಿತು. ಮಣ್ಣಿನಲ್ಲಿ ಗೆಡ್ಡೆ ಉಳಿದಿದ್ದರೆ ಗಿಡ ಮತ್ತೆ ಚಿಗುರುತ್ತದೆ. ಆದರೆ ಶಿವನಿಗೆಂದು ತಂದ ಹೂವನ್ನು ಏರಿಸುವ ಮೊದಲು ಕೇಳುವಂತಿಲ್ಲ. ಪೂಜೆ ಮುಗಿಯುವವರೆಗೆ ಗೋಡೆಗೊರಗಿ ಕಾದೆ. ಪ್ರಸಾದವೆಂದು ಕೊಟ್ಟಾಗ ಕಣ್ಣಿಗೊತ್ತಿಕೊಂಡು, ಆಮೇಲೆ ಭೂತಗನ್ನಡಿ ಹಿಡಿದೆ. ಮೂರು ಸೀಳಿನ ತುಟಿ, ಹಿಂದೆ ಬೆರಳಿಗಿಂತ ಉದ್ದದ ಬಾಲ. ಅನುಮಾನವೇ ಉಳಿಯಲಿಲ್ಲ. ಫೋನಿನಲ್ಲಿ ಹೆಸರು ಹೇಳಿದರೆ ನಾಗವೇಣಿ ನನಗಿಂತ ಜೋರಾಗಿ ಕೂಗಿದಳು. ನನ್ನ ಸಂತೋಷ ನೋಡುತ್ತ ಕೂತಿದ್ದ ದೊಡ್ಡವ್ವ ಮೆಲ್ಲಗೆ ಕೇಳಿದಳು:

"ಇದು ನಮ್ಮ ಹೊಲದಾಗ ಬೆಳೀತದೇನು?"

"ಇಲ್ಲ ಯವ್ವಾ. ಎರಿಯಾಗ ಬದುಕೂದಿಲ್ಲ."

"ಹಂಗಾರ ನೀನೂ ಇಲ್ಲೇ ಇರಾಕಿ ಬಿಡು."

ಅವಳು ಊರಿಂದ ತಂದ ಜೋಳದ ಹಿಟ್ಟು ತೆಗೆದು ರೊಟ್ಟಿ ಬಡಿಯಲು ಕೂತೆ.